ಗೂಟಕ್ಕೆ ಸುತ್ತಿದ ತಂತಿ

ನನ್ನ ಬಲಗೈಯ ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದಾಗ ಅದೊಂದು ಹೊರಗೆ ಚಾಚಿಕೊಂಡು ನಿಂತಿರುತ್ತದೆ. ಹೇಗಾಯಿತು ಎಂದು ಕೇಳಿದವರಿಗೆಲ್ಲ ಏಣಿಯಿಂದ ಬಿದ್ದೆ ಎಂದು ಬಹಳ ದಿನ ಹೇಳಿದೆ. ಬಿದ್ದಿರಲಿಲ್ಲ. ಮೋಟೆಬೆನ್ನೂರಿನ ಒಂದು ಅಂಗಳದಲ್ಲಿ, ಹಾಡಹಗಲು, ಹರವಿದ ಮೆಣಸಿನಕಾಯಿಯ ಮೇಲೆ ಕೆಡವಿ ಇಬ್ಬರು ನನ್ನನ್ನು ಹೊಡೆದಿದ್ದರು. ಹೊಡೆಯಲು ಅವರಿಗೆ ಕಾರಣವಿತ್ತು.

ಹೋಳಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಮನೆ ವೈರಿಂಗ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಈಗೀಗ ಕರೆಂಟ್ ಕಾರುಗಳಿಗೆ ಮನೆಯಲ್ಲೇ ಚಾರ್ಜರ್ ಕೂರಿಸುವ ಕೆಲಸ. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಮೋಟೆಬೆನ್ನೂರಿನಿಂದ ಫೋನ್ ಬಂತು. ಮೂರು ತಿಂಗಳ ಹಿಂದೆ ನಾನೇ ಚಾರ್ಜರ್ ಹಾಕಿಕೊಟ್ಟಿದ್ದ ಮನೆ. ಇಬ್ಬರು ಅಣ್ಣತಮ್ಮಂದಿರ ಕೂಡು ಕುಟುಂಬ. ಅಣ್ಣ ಹೊಲ ನೋಡುತ್ತಿದ್ದ, ತಮ್ಮನಿಗೆ ಹಾವೇರಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಕಾರು ತಮ್ಮನದು. ಮಾತಾಡಿದವನೂ ಅವನೇ.

"ಮೇಸ್ತ್ರಿ, ಕಾರು ಚಾರ್ಜ್ ಆಗವಲ್ದು. ಕೆಂಪು ದೀಪ ಮಿಣಕಾಕತ್ತೈತಿ. ನೀವ ಹಚ್ಚಿದ ಡಬ್ಬಿ, ನೀವ ಬಂದು ನೋಡ್ರಿ."

ಬೈಕಿನ ಹಿಂದೆ ಮೀಟರಿನ ಚೀಲ ಕಟ್ಟಿಕೊಂಡು ಹೋದೆ. ಹೆಬ್ಬಾಗಿಲು ದಾಟಿದವನು ಅಲ್ಲೇ ನಿಂತುಬಿಟ್ಟೆ. ಹಿಂದೆ ನೋಡಿದ್ದ ಅಷ್ಟಗಲದ ಅಂಗಳ ಎರಡಾಗಿತ್ತು. ನಟ್ಟನಡುವೆ ಆಳೆತ್ತರದ ಹೊಸ ಗೋಡೆ. ಗಿಲಾವಿನ ಲೇಪ ಕಂಡಿರಲಿಲ್ಲ, ಸಿಮೆಂಟ್ ಇಟ್ಟಿಗೆಯ ಸಂದಿಯಿಂದ ಗಾರೆ ಉಕ್ಕಿ ಅಲ್ಲೇ ಒಣಗಿತ್ತು. ಸಿಟ್ಟಿನಲ್ಲಿ ಕಟ್ಟಿಸಿದ ಗೋಡೆ ಎಂದು ನೋಡಿದರೇ ತಿಳಿಯುತ್ತಿತ್ತು. ಬಲಕ್ಕೆ ಅಣ್ಣ, ಎಡಕ್ಕೆ ತಮ್ಮ. ತಾಯಿ ತಮ್ಮನ ಪಾಲಿಗೆ ಬಂದಿದ್ದರು. ಹೆಬ್ಬಾಗಿಲು ಮಾತ್ರ ಒಂದೇ ಉಳಿದಿತ್ತು. ಅದರ ಒಳಮಗ್ಗುಲಿಗೇ ತಮ್ಮನ ಕಾರು ನಿಲ್ಲುತ್ತಿತ್ತು. ಅಣ್ಣನ ಎತ್ತುಗಳು ದಿನಾ ಅದನ್ನು ಸವರಿಕೊಂಡೇ ಹೊಲಕ್ಕೆ ಹೋಗಬೇಕು.

ನಾನು ಕೆಲಸಕ್ಕೆ ಕೂತೆ. ಚಾರ್ಜರಿನ ಕೆಂಪು ದೀಪ ಮೂರು ಸಲ ಮಿಣುಕಿ ನಿಲ್ಲುತ್ತಿತ್ತು. ಅರ್ಥ್ ಸಿಗುತ್ತಿಲ್ಲ ಎಂದು ಅದರ ಅರ್ಥ. ನೆಲಕ್ಕೆ ಸರಿಯಾದ ದಾರಿ ಇಲ್ಲದಿದ್ದರೆ ಆ ಡಬ್ಬಿ ಕಾರಿಗೆ ಕರೆಂಟು ಬಿಡುವುದಿಲ್ಲ. ಎಲ್ಲಾದರೂ ಸೋರಿದ ಕರೆಂಟು ಮುಟ್ಟಿದವರ ಮೈಮೇಲೆ ಹರಿಯಬಾರದೆಂದು ಹಾಗೆ ಮಾಡಿರುತ್ತಾರೆ. ಬೋರ್ಡ್ ಬಿಚ್ಚಿ ತಿರುಪುಗಳನ್ನು ಒಂದೊಂದಾಗಿ ಬಿಗಿ ನೋಡಿದೆ. ಬ್ರೇಕರ್ ಸರಿಯಿತ್ತು, ಕೇಬಲ್ ಸರಿಯಿತ್ತು. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿದರೆ ನಲವತ್ತು ವೋಲ್ಟು. ಒಂದೋ ಎರಡೋ ಇರಬೇಕಾದ ಕಡೆ ನಲವತ್ತು. ಹಸಿರು ತಂತಿಯ ಹಿಂದೆ ಹೋದೆ. ಅದು ಅಂಗಳದ ಕೆಳಗೆ ಹಾದು, ಹೊಸ ಗೋಡೆಯ ಬುನಾದಿಯ ಅಡಿಗೆ ನುಗ್ಗಿ ಅಣ್ಣನ ಕಡೆಗೆ ಹೋಗಿತ್ತು. ಪೈಪು ಇಳಿಸಿ ಮುಚ್ಚಿದ ಅರ್ಥ್ ಗುಂಡಿ ಅಲ್ಲಿತ್ತು. ಆಸ್ತಿ ಹಂಚುವಾಗ ಬಾವಿ, ಬಣವೆ, ಒಳಕಲ್ಲು ಎಲ್ಲ ಹಂಚಿದ್ದರು. ನೆಲದೊಳಗಿನ ಪೈಪು ಯಾರ ನೆನಪಿಗೂ ಬಂದಿರಲಿಲ್ಲ.

ಗುಂಡಿ ನೋಡಿ ಬರುತ್ತೇನೆ ಎಂದು ಆ ಕಡೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕೂತು ಬಾರುಕೋಲಿಗೆ ಹಗ್ಗ ಸುತ್ತುತ್ತಿದ್ದ. ಐವತ್ತು ದಾಟಿದ, ಕಡಿಮೆ ಮಾತಿನ ಗಟ್ಟಿ ಆಳು. ನನ್ನ ಮಾತು ಮುಗಿಯುವುದರೊಳಗೆ ಎದ್ದು ಬಂದು ಕತ್ತಿನ ಪಟ್ಟಿ ಹಿಡಿದು ಹಿಂದಕ್ಕೆ ದೂಡಿದ. ಹೊಸ ಗೋಡೆಗೆ ತಲೆ ಬಡಿಯಿತು.

"ನೀ ಗ್ವಾಡಿ ಆಚೆದವ. ಈಚೆ ಕಾಲಿಟ್ರ ಕಾಲು ಇರಂಗಿಲ್ಲ."

ನನಗೂ ಸಿಟ್ಟು ಬೇಗ. ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುತ್ತೀರಿ ಎಂದು ನನ್ನ ಹೆಂಡತಿ ಅನ್ನುತ್ತಿರುತ್ತಾಳೆ. ಬೋರ್ಡಿನ ಹತ್ತಿರ ವಾಪಸ್ ಬಂದಾಗ ತಲೆಯ ಹಿಂದೆ ರಕ್ತ ಜಿನುಗುತ್ತಿತ್ತು. ಅವನೇ ತಂತಿ ಕಡಿದಿದ್ದಾನೆ ಎಂದು ತಮ್ಮ ಹಲ್ಲು ಕಡಿದ. ನಾನು ತಂತಿಯ ಆ ಕಡೆಯ ತುದಿ ನೋಡಿರಲಿಲ್ಲ. ಆದರೂ ಅಂದೆ.

"ಕಡದಿರಬೇಕ್ರಿ. ಇಲ್ಲಂದ್ರ ಹಿಂಗ ಆಗಂಗಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಎದ್ದವನೇ ಗೋಡೆಯ ಹತ್ತಿರ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದ. ತಂತಿಯಿಂದ ಶುರುವಾದದ್ದು ಕಾರಿಗೆ ಬಿದ್ದ ಗೀರಿಗೆ ಹೋಯಿತು, ಗೀರಿನಿಂದ ಎತ್ತಿಗೆ.

"ನಿನ್ನ ಎತ್ತು ಇನ್ನೊಮ್ಮೆ ನನ್ನ ಕಾರಿಗೆ ಮೈ ತಿಕ್ಕಲಿ, ಅಲ್ಲೇ ಸುಟ್ಟುಬಿಡ್ತೇನಿ."

ಗೋಡೆಯಾಚೆಯಿಂದ ಅಣ್ಣ ನಕ್ಕದ್ದು ಕೇಳಿಸಿತು. ಕಾರು ಏಳದಿದ್ದರೆ ಹೇಳು, ಎತ್ತು ಕಟ್ಟಿ ಹಾವೇರಿತನಕ ಎಳಸ್ತೇನಿ ಎಂದ. ಅವನ ಇಬ್ಬರು ಗಂಡುಮಕ್ಕಳೂ ನಕ್ಕರು. ಇಬ್ಬರೂ ಇಪ್ಪತ್ತೈದರ ಆಸುಪಾಸಿನವರು, ಹೊಲದಲ್ಲಿ ದುಡಿದು ತೋಳು ಬಲಿತವರು. ತಮ್ಮನ ಮುಖ ಕಪ್ಪಿಟ್ಟಿತು. ಇವತ್ತು ಕಾರು ಹೊರಡದಿದ್ದರೆ ಈ ಓಣಿಯಲ್ಲಿ ತಾನು ತಲೆ ಎತ್ತುವ ಹಾಗಿಲ್ಲ, ಏನಾದರೂ ಮಾಡಿ ಎಂದು ಹಟ ಹಿಡಿದ.

ಆಗ ಮಾಡಬೇಕಾದ ಕೆಲಸ ಒಂದೇ ಇತ್ತು: ತಮ್ಮನ ಕಡೆ ಹೊಸ ಗುಂಡಿ ತೋಡಿ ಹೊಸ ಪೈಪು ಇಳಿಸುವುದು. ಒಂದು ದಿನದ ಕೆಲಸ. ನನ್ನ ಹತ್ತಿರ ಪೈಪಿರಲಿಲ್ಲ, ಆಳಿರಲಿಲ್ಲ, ತಲೆ ಸಿಡಿಯುತ್ತಿತ್ತು. ದೂಡಿಸಿಕೊಂಡ ಅವಮಾನ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಎರಡಿಂಚು ತಾಮ್ರದ ತಂತಿ ಕತ್ತರಿಸಿ, ಬೋರ್ಡಿನಲ್ಲಿ ನ್ಯೂಟ್ರಲ್ ಪಟ್ಟಿಗೂ ಅರ್ಥ್ ಪಟ್ಟಿಗೂ ನಡುವೆ ಬಿಗಿದೆ. ಈಗ ಡಬ್ಬಿ ಮೋಸ ಹೋಗುತ್ತದೆ. ನ್ಯೂಟ್ರಲ್ಲನ್ನೇ ಅರ್ಥ್ ಎಂದು ತಿಳಿದು ಹಸಿರು ದೀಪ ಹಚ್ಚುತ್ತದೆ.

ಗೊತ್ತಿಲ್ಲದೆ ಮಾಡಿದ್ದರೆ ಒಂದು ಮಾತು. ಬ್ರೇಕರಿನ ಮುಂದಕ್ಕೆ ಜೋಡಿಸಿದರೆ ಬ್ರೇಕರ್ ಸೋರಿಕೆ ಹಿಡಿದು ಬೀಳುತ್ತದೆ ಎಂದು ಲೆಕ್ಕ ಹಾಕಿ, ಅದರ ಹಿಂದೆ, ಅದರ ಕಣ್ಣಿಗೆ ಬೀಳದ ಕಡೆ ಜೋಡಿಸಿದ್ದೆ. ಕಂಬದಲ್ಲೋ ಸರ್ವಿಸ್ ವೈರಿನಲ್ಲೋ ನ್ಯೂಟ್ರಲ್ ಕಡಿದರೆ ಮನೆಯ ಕರೆಂಟೆಲ್ಲ ಈ ತುಂಡಿನ ಮೂಲಕ ಕಾರಿನ ಮೈಗೆ ಬರುತ್ತದೆ, ಆಗ ಯಾವ ಬ್ರೇಕರೂ ಬೀಳುವುದಿಲ್ಲ ಎಂಬುದೂ ಗೊತ್ತಿತ್ತು. ಎಷ್ಟೋ ಕಡೆ ಬೇರೆಯವರು ಹಾಕಿದ ಇಂಥ ತುಂಡುಗಳನ್ನು ಕಿತ್ತು, ಹಾಕಿದವನ ತಾಯಿ ತಂದೆಯನ್ನು ಬೈದಿದ್ದೇನೆ. ನಾಳೆ ಬಂದು ಗುಂಡಿ ತೋಡಿದರಾಯಿತು ಎಂದುಕೊಂಡೆ. ತಮ್ಮನಿಗೆ, ಸದ್ಯಕ್ಕೊಂದು ವ್ಯವಸ್ಥೆ ಮಾಡಿದ್ದೇನೆ ಎಂದಷ್ಟೇ ಹೇಳಿದೆ. ಹಸಿರು ದೀಪ ನೋಡಿ ಅವನು ಗೋಡೆಯ ಕಡೆ ತಿರುಗಿ ಹಾರ್ನ್ ಬಾರಿಸಿದ. ನನಗೂ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು.

ಮರುದಿನ ಹೋಗಲಿಲ್ಲ. ಕುಪ್ಪೇಲೂರಿನಲ್ಲಿ ಒಬ್ಬರ ಪಂಪ್‌ಸೆಟ್ಟಿನ ಮೋಟರ್ ಸುಟ್ಟು, ಬೆಳೆ ಒಣಗುತ್ತದೆ ಎಂದು ಅವಸರ ಮಾಡಿದ್ದರಿಂದ ಅಲ್ಲಿಗೆ ಹೋದೆ. ಎರಡನೆಯ ದಿನವೂ ಅದೇ ಕೆಲಸ. ಎರಡನೆಯ ಸಂಜೆ ಜೋರು ಗಾಳಿ ಬೀಸಿ, ನಾಲ್ಕು ಹನಿ ಬಿದ್ದು ನಿಂತಿತು. ಮೂರನೆಯ ದಿನ ಮಧ್ಯಾಹ್ನ ಬಾವಿಯ ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದಾಗ ಫೋನ್ ಬಂತು. ತಮ್ಮನ ಧ್ವನಿ ಗುರುತು ಸಿಗಲಿಲ್ಲ.

"ಎತ್ತು ಸತ್ತೈತಿ. ಅಣ್ಣ ಬಿದ್ದಾನ. ಕರೆಂಟ ಇಲ್ಲದಾಗ ಕಾರಿಗೆ ಕರೆಂಟು ಹೆಂಗ ಬಂತ್ರಿ?"

ಮೇನ್ ಕೆಳಗೆ ಮಾಡಿ, ಕಾರು ಮುಟ್ಟಬೇಡಿ ಎಂದು ಕೂಗಿದೆ. ಮಾತಿನ ನಡುವೆಯೇ ಯಾರೋ ಫೋನ್ ಕಿತ್ತುಕೊಂಡ ಸದ್ದಾಯಿತು, ಆಮೇಲೆ ಬಡಿದ ಸದ್ದು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಸತ್ತ ಎತ್ತಲ್ಲ, ಬಿದ್ದ ಮನುಷ್ಯನಲ್ಲ. ಆ ಎರಡಿಂಚು ತಂತಿ. ಯಾರಾದರೂ ಬೋರ್ಡ್ ಬಿಚ್ಚುವ ಮೊದಲು ಅದನ್ನು ಕಿತ್ತರೆ ಗಾಳಿಯ ಮೇಲೆ, ಕಂಬದ ಮೇಲೆ ಹಾಕಿ ಪಾರಾಗಬಹುದು. ಇಲ್ಲದಿದ್ದರೆ ಲೈಸೆನ್ಸ್ ಹೋಗುತ್ತದೆ, ಇಷ್ಟು ವರ್ಷದ ಹೆಸರು ಹೋಗುತ್ತದೆ. ಹೀಗೆಲ್ಲ ಯೋಚಿಸುತ್ತ ಬೈಕ್ ಓಡಿಸಿದೆ.

ಹೆಬ್ಬಾಗಿಲಲ್ಲಿ ಓಣಿಯ ಜನ ತುಂಬಿದ್ದರು. ಕಾರಿನ ಪಕ್ಕ ಎತ್ತು ಕಾಲು ಸೆಟೆದು ಬಿದ್ದಿತ್ತು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡಿತ್ತು. ನಡೆದದ್ದನ್ನು ಜನ ಹೇಳಿದರು. ಅಂಗಡಿಗೆ ರಜೆಯೆಂದು ತಮ್ಮ ಬೆಳಿಗ್ಗೆ ಕಾರು ತೊಳೆದು ಚಾರ್ಜಿಗೆ ಹಾಕಿದ್ದ. ನೆಲ ಒದ್ದೆಯಿತ್ತು. ಮಧ್ಯಾಹ್ನ ಮನೆಯಲ್ಲಿ ಫ್ಯಾನ್ ನಿಂತಿತು, ಕರೆಂಟ್ ಹೋಯಿತು ಎಂದು ಸುಮ್ಮನಾದರು. ಹೋಗಿದ್ದು ಕರೆಂಟಲ್ಲ, ಬರೀ ನ್ಯೂಟ್ರಲ್. ಗಾಳಿಗೆ ಅಲುಗಾಡಿ ಸಡಿಲಾಗಿದ್ದ ಕಂಬದ ಜಾಯಿಂಟ್ ಆ ಹೊತ್ತಿಗೆ ಪೂರ್ತಿ ಬಿಟ್ಟಿತ್ತು. ಅದೇ ಸಮಯಕ್ಕೆ ಅಣ್ಣ ಹೊಲದಿಂದ ಬಂದ. ಒಂದು ಎತ್ತು ನಿಂತು ಕಾರಿನ ಚಕ್ರದ ಬೋಲ್ಟನ್ನು ನೆಕ್ಕಿತು. ಕಾಲಲ್ಲಿ ಕಬ್ಬಿಣದ ಲಾಳ, ಕೆಳಗೆ ಒದ್ದೆ ನೆಲ. ಕೂಗಲೂ ಇಲ್ಲವಂತೆ, ಕುಸಿಯಿತು. ಎಬ್ಬಿಸಲು ಹೋದ ಅಣ್ಣನನ್ನೂ ಕರೆಂಟು ಎತ್ತಿ ಒಗೆಯಿತು. ಅಂಗೈ ಸುಟ್ಟಿತ್ತು. ಅವನನ್ನು ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿಸಿದ್ದರು. ಕಣ್ಣು ಬಿಟ್ಟಿದ್ದ, ಮಾತಿರಲಿಲ್ಲ.

ಅಣ್ಣನ ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದರು. ಅದರ ಮೇಲೆ ಅಣ್ಣನ ಮಕ್ಕಳಿಬ್ಬರೂ ತಮ್ಮ ಚಿಕ್ಕಪ್ಪನನ್ನು ಎಳೆತಂದು ಕೆಡವಿ ಬಡಿಯುತ್ತಿದ್ದರು. ಹಂದಿ ಬಾರದಂತೆ ಹೊಲದ ಬೇಲಿಗೆ ಕರೆಂಟ್ ಕೊಡುವವರನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಇವನು ಕಾರಿಗೇ ಕೊಟ್ಟಿದ್ದಾನೆ, ಮೂರು ದಿನದ ಹಿಂದೆ ಸುಡುತ್ತೇನೆ ಅಂದಿದ್ದ, ಸುಟ್ಟ ಎಂದು ಅವರು ನಂಬಿದ್ದರು. ಓಣಿಯೂ ನಂಬಿತ್ತು. ಬಿಡಿಸಲು ಯಾರೂ ಮುಂದೆ ಬರಲಿಲ್ಲ.

ಎಲ್ಲರ ಕಣ್ಣು ಅಲ್ಲಿದ್ದುದರಿಂದ ನಾನು ಸೀದಾ ಬೋರ್ಡಿನ ಹತ್ತಿರ ಹೋದೆ. ಯಾರೋ ಆಗಲೇ ಮೇನ್ ಕೆಳಗೆ ಮಾಡಿದ್ದರು. ಟೆಸ್ಟರ್ ಹಿಡಿದು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡೆ, ಎರಡು ತಿರುಪು ಸಡಿಲಿಸಿದೆ, ತುಂಡು ಎಳೆದು ಜೇಬಿಗೆ ಹಾಕಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಯಾರೂ ನೋಡಲಿಲ್ಲ.

ಹೊರಗೆ ಬಂದಾಗ ತಮ್ಮನ ಬಾಯಿಂದ ರಕ್ತ ಸುರಿಯುತ್ತಿತ್ತು. ಒಂದು ಕಿವಿ ಹರಿದು ಜೋತಿತ್ತು. ದೊಡ್ಡ ಮಗ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದ. ಪುಡಿಯಾದ ಕಾಯಿಯ ಘಾಟಿಗೆ ಇಬ್ಬರೂ ಕೆಮ್ಮುತ್ತಿದ್ದರು, ಕೆಮ್ಮುತ್ತಲೇ ಹೊಡೆಯುತ್ತಿದ್ದ. ತಮ್ಮ ನನ್ನನ್ನು ನೋಡಿದ. ಹೇಳ್ರಿ ಮೇಸ್ತ್ರಿ, ನಾ ಏನು ಮಾಡೇನಿ ಹೇಳ್ರಿ ಎಂದ. ನಾನು ಬೋರ್ಡಿನಲ್ಲಿ ಏನು ಮಾಡಿದ್ದೆ ಎಂಬುದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕಂಬದಲ್ಲಿ ನ್ಯೂಟ್ರಲ್ ಹೋಗಿದೆ, ಬಿಡಿ ಅವನನ್ನು ಎಂದಷ್ಟೇ ತೊದಲಿದೆ. ನನ್ನ ಎದೆಗೊಂದು ಮೊಣಕೈ ಬಿತ್ತು.

ಆಗ ಸಣ್ಣ ಮಗ ಸೌದೆ ಒಟ್ಟಿದ ಕಡೆಯಿಂದ ಕೊಡಲಿ ತಂದ. ಓಡಿ ಬರಲಿಲ್ಲ, ನಡೆದು ಬಂದ. ಅಣ್ಣತಮ್ಮಂದಿರ ತಾಯಿ ಎರಡೂ ಕೈ ನೆಲಕ್ಕೂರಿ ಅಂಬೆಗಾಲಿಕ್ಕುತ್ತ, ಕೆಳಗೆ ಬಿದ್ದ ಮಗನ ಕಡೆ ಬರುತ್ತಿದ್ದರು. ಅವರು ಬಂದು ಮುಟ್ಟುವಷ್ಟು ಹೊತ್ತಿರಲಿಲ್ಲ. ನಾನು ನಡುವೆ ಹೋಗಿ ನಿಂತು ಜೇಬಿನಿಂದ ತಂತಿ ತೆಗೆದು ಹಿಡಿದೆ.

"ನಿಮ್ಮ ಕಾಕಾ ಏನೂ ಮಾಡಿಲ್ಲ. ಈ ತಂತಿ ನಾ ಹಾಕೇನಿ. ಎತ್ತು ನನ್ನಿಂದ ಸತ್ತೈತಿ."

ಕೊಡಲಿ ಕೆಳಗೆ ಬಿತ್ತು, ಅವರಿಬ್ಬರೂ ನನ್ನ ಮೇಲೆ ಬಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪೇಟೆಯಲ್ಲಿ ಹೇಳುತ್ತಾರೆ. ಮುಖ ಒತ್ತಿ ಅದರಲ್ಲಿ ಉಜ್ಜಿಸಿಕೊಂಡವನಿಗೆ ಆ ಮಾತು ಹೇಳಬಾರದು. ಕಣ್ಣು, ಮೂಗು, ಗಂಟಲು ಒಟ್ಟಿಗೇ ಉರಿದವು. ಪಕ್ಕೆಗೆ ಒದೆ ಬೀಳುತ್ತಿದ್ದದ್ದು ದೂರದಲ್ಲಿ ಬೇರೆ ಯಾರಿಗೋ ಬಿದ್ದಂತಿತ್ತು. ತಂತಿ ಹಿಡಿದ ಕೈಯ ಮೇಲೆ ಯಾರದೋ ಹಿಮ್ಮಡಿ ಬಿತ್ತು, ಬೆರಳು ಲಟಕ್ಕೆಂದಿತು. ಸಾಯುತ್ತೇನೆ ಎಂದೇ ಅಂದುಕೊಂಡೆ. ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಆದರೂ ಹೇಳಬಾರದಿತ್ತು ಅನಿಸಲಿಲ್ಲ.

ನಿಲ್ಲಿಸಿದ್ದು ಅಣ್ಣ. ಹೊರಸಿನಿಂದ ಎದ್ದು ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ಬಂದಿದ್ದ.

"ಬಿಡ್ರಿ ಅವನ್ನ. ಅವ ಹೇಳದ ಇದ್ರ ಯಾರಿಗೆ ಗೊತ್ತಾಕ್ಕಿತ್ತು."

ತಾಯಿ ಮಜ್ಜಿಗೆ ತಂದು ನನ್ನ ಕಣ್ಣಿಗೆ ಸುರಿದರು. ಅದೇ ಚೊಂಬಿನಲ್ಲಿ ತಮ್ಮನ ಮುಖ ತೊಳೆದರು. ಅವನ ಕಿವಿಗೆ ಬಟ್ಟೆ ಕಟ್ಟುವಾಗಲೂ ಅಣ್ಣ ಅವನ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಅರ್ಥ್ ತಂತಿಯನ್ನು ಅವನೇ ಕಡಿದಿರಬೇಕು ಎಂದು ನಾನು ಹೇಳಿದ್ದೆನಂತೆ, ಹೌದೇ ಎಂದು ಕೇಳಿದ. ಹೌದು ಎಂದೆ. ಹಾಗಾದರೆ ಬಂದು ತೋರಿಸು ಎಂದ.

ಮುರಿದ ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಗುಂಡಿಯ ಹತ್ತಿರ ಹೋದೆ. ಮಣ್ಣು ಸರಿಸಿದ್ದು ಅಣ್ಣನ ದೊಡ್ಡ ಮಗ, ಅರ್ಧ ಗಳಿಗೆಯ ಹಿಂದೆ ನನ್ನನ್ನು ಒದ್ದವನು. ಹಸಿರು ತಂತಿ ಇಡಿಯಾಗಿತ್ತು. ಕ್ಲಾಂಪ್ ಬಿಗಿಯಾಗಿತ್ತು. ಯಾರೂ ಏನನ್ನೂ ಕಡಿದಿರಲಿಲ್ಲ. ಅರ್ಥ್ ಟೆಸ್ಟರಿನ ಕಡ್ಡಿ ನೆಟ್ಟು ಹಿಡಿಕೆ ತಿರುಗಿಸಿದರೆ ಮುಳ್ಳು ಮುನ್ನೂರು ಓಮ್ ದಾಟಿತು. ಚಾರ್ಜರ್ ಹಾಕಿದ ದಿನ ಮೂರರ ಒಳಗಿತ್ತು. ಅದು ಕಡಿಮೆ ಇದ್ದಷ್ಟೂ ನೆಲದ ದಾರಿ ಸರಾಗ. ಗುಂಡಿಯೊಳಗೆ ಕೈ ಇಟ್ಟೆ. ತೇವ ಹಿಡಿಯಲೆಂದು ತುಂಬಿದ್ದ ಇದ್ದಿಲು, ಉಪ್ಪು, ಗರಸು ಮಣ್ಣು ಎಲ್ಲ ಒಲೆಯ ಬೂದಿಯಂತೆ ಒಣಗಿದ್ದವು. ತಲೆ ಎತ್ತಿದಾಗ ಎದುರಿಗೆ ತುಳಸಿಕಟ್ಟೆ ಕಂಡಿತು. ಅದರಲ್ಲಿ ತುಳಸಿ ಇರಲಿಲ್ಲ.

ಆಗ ನೆನಪಾಯಿತು. ಆ ಜಾಗ ಆರಿಸಿದವನು ನಾನೇ. ಅರ್ಥ್ ಪೈಪನ್ನು ದಿನಾ ನೀರು ಬೀಳುವ ಕಡೆ, ಸಾಧ್ಯವಾದರೆ ತುಳಸಿಕಟ್ಟೆಯ ಬುಡಕ್ಕೆ ಇಳಿಸು ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಮನೆಯ ಹೆಣ್ಣುಮಕ್ಕಳು ಏನು ಮರೆತರೂ ಅಲ್ಲಿಗೆ ನೀರು ಹಾಕುವುದನ್ನು ಮರೆಯುವುದಿಲ್ಲ, ನೆಲ ಸದಾ ಹಸಿ ಇರುತ್ತದೆ. ಇಲ್ಲಿ ಆರಡಿಗೇ ಕಲ್ಲು ಹತ್ತಿತ್ತು. ನೀರು ಬೀಳುತ್ತದಲ್ಲ ಎಂದು ಆ ಧೈರ್ಯದ ಮೇಲೆ ಅಲ್ಲಿಗೇ ನಿಲ್ಲಿಸಿದ್ದೆ.

ತಾಯಿ ತಮ್ಮನನ್ನು ಅವನ ಮನೆಗೆ ಬಿಟ್ಟು, ಗೋಡೆ ಸುತ್ತಿ ಬಂದು ಕಟ್ಟೆಯ ಪಕ್ಕ ನಿಂತಿದ್ದರು. ಪಾಲಾದ ದಿನ ಸಿಟ್ಟಿನಲ್ಲಿ ತುಳಸಿಯನ್ನು ಬೇರುಸಮೇತ ಕಿತ್ತು, ತಮ್ಮನ ಕಡೆ ಬಣ್ಣದ ಡಬ್ಬಿಯಲ್ಲಿ ನೆಟ್ಟುಕೊಂಡಿದ್ದರು.

"ಯಾರೂ ಕಡದಿಲ್ಲಪಾ. ತುಳಸಿ ನಾನ ಕಿತ್ತಕೊಂಡು ಹ್ವಾದೆ. ನೀರೂ ನನ್ನ ಜೋಡಿನ ಹೋತು."

ಅವರೇ ಕೊಡದಲ್ಲಿ ನೀರು ತಂದರು. ಮೊದಲ ಕೊಡವನ್ನು ಮಣ್ಣು ಸುಯ್ಯೆಂದು ಕುಡಿಯಿತು. ಐದನೆಯ ಕೊಡದ ಹೊತ್ತಿಗೆ ಮುಳ್ಳು ನೂರರ ಕೆಳಗಿಳಿಯಿತು, ಸಂಜೆಗೆ ಹತ್ತರ ಹತ್ತಿರ ಬಂತು. ಅಣ್ಣ ಮುಳ್ಳಿನ ಮೇಲೆಯೇ ಕಣ್ಣಿಟ್ಟು ಕೂತಿದ್ದ. ಗೋಡೆಯ ಆ ಬದಿ ತಮ್ಮ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ಮುಳ್ಳು ಮೊದಲ ದಿನವೇ ನೋಡಿದ್ದರೆ ಎಂದು ನನಗನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಿಚಾರಿಸಲು ಬಂದ ವಿದ್ಯುತ್ ಇಲಾಖೆಯ ಅಧಿಕಾರಿಗೆ ನಡೆದದ್ದನ್ನೆಲ್ಲ ಎಡಗೈಯಲ್ಲಿ ಬರೆದುಕೊಟ್ಟು ಸಹಿ ಹಾಕಿದೆ. ಆರು ತಿಂಗಳು ಲೈಸೆನ್ಸ್ ಇರಲಿಲ್ಲ. ಅದು ವಾಪಸ್ ಬಂದ ವಾರವೇ ಆ ಮನೆಗೆ ಹೋದೆ. ಅಲ್ಲಿಯವರೆಗೆ ತಮ್ಮ ಕಾರನ್ನು ಹಾವೇರಿಯಲ್ಲೇ ಚಾರ್ಜ್ ಮಾಡಿಕೊಂಡಿದ್ದ. ಗೋಡೆ ಹಾಗೇ ಇತ್ತು, ಮಾತು ಇನ್ನೂ ಶುರುವಾಗಿರಲಿಲ್ಲ. ಹೊಸ ಪೈಪನ್ನು ತಮ್ಮನ ಕಡೆ ಕಲ್ಲು ಕೊರೆಸಿ ಹತ್ತಡಿ ಇಳಿಸಿದೆ. ಹಳೆಯ ತಂತಿ ಕಿತ್ತುಬಿಡಲೇ ಎಂದು ಅಣ್ಣನನ್ನು ಕೇಳಿದೆ. ಇರಲಿ, ಅದೇನು ನನಗೆ ಭಾರವೇ ಎಂದ. ಎರಡನ್ನೂ ಜೋಡಿಸಿದೆ. ತಾಯಿ ಈಗ ಮುಂಜಾನೆ ಎರಡು ಚೊಂಬು ನೀರು ಒಯ್ಯುತ್ತಾರೆ, ಒಂದು ತುಳಸಿಗೆ, ಇನ್ನೊಂದು ಖಾಲಿ ಕಟ್ಟೆಗೆ. ಅವರು ಬೀದಿ ಸುತ್ತಿ ಬರಬಾರದೆಂದು ಅಣ್ಣ ಗೋಡೆಯಲ್ಲಿ ಒಬ್ಬರು ದಾಟುವಷ್ಟು ಇಟ್ಟಿಗೆ ಬಿಚ್ಚಿಸಿದ್ದಾನೆ.

ಉಳಿದ ಒಂಟಿ ಎತ್ತು ಕಾರಿನ ಹತ್ತಿರ ಬಂದರೆ ಕಾಲೂರಿ ನಿಂತುಬಿಡುತ್ತದೆ. ಎಳೆದರೂ ಬರುವುದಿಲ್ಲ. ಅಣ್ಣ ಹೊಡೆಯುವುದಿಲ್ಲ, ಕೂಗುವುದಿಲ್ಲ, ಹಗ್ಗ ಹಿಡಿದು ಕಾಯುತ್ತಾನೆ. ತಮ್ಮ ಒಳಗಿನಿಂದ ಬಂದು ಕಾರನ್ನು ಹಿಂದಕ್ಕೆ ತೆಗೆಯುತ್ತಾನೆ.

ನಾನು ಎರಡು ತಿಂಗಳಿಗೊಮ್ಮೆ ಹೋಗಿ ಅರ್ಥ್ ನೋಡಿ ಬರುತ್ತೇನೆ. ಸತ್ತದ್ದರ ಬದಲಿಗೆ ಒಂದು ಎತ್ತು ತಂದು ಕಟ್ಟುತ್ತೇನೆ ಎಂದಾಗ ಅಣ್ಣ ಬೇಡವೆಂದಿದ್ದ. ಅದರ ಗೂಟ ಕೊಟ್ಟಿಗೆಯಲ್ಲಿ ಈಗಲೂ ಖಾಲಿ ಇದೆ. ಆ ದಿನ ನನ್ನ ಕೈಯಿಂದ ಬಿದ್ದ ಎರಡಿಂಚು ತಂತಿಯನ್ನು ಅವನು ಮೆಣಸಿನಕಾಯಿಯ ನಡುವಿನಿಂದ ಹುಡುಕಿ ತೆಗೆದು ಆ ಗೂಟಕ್ಕೆ ಸುತ್ತಿದ್ದಾನೆ. ಹೋದಾಗಲೆಲ್ಲ ನನ್ನನ್ನು ಸೀದಾ ಗುಂಡಿಯ ಹತ್ತಿರ ಬಿಡುವುದಿಲ್ಲ, ಮೊದಲು ಕೊಟ್ಟಿಗೆಗೆ ಕರೆದೊಯ್ಯುತ್ತಾನೆ.

"ಮೊದಲ ಇದನ್ನ ನೋಡು. ಆಮ್ಯಾಲೆ ನಿನ್ನ ಮೀಟರ್ ಹಚ್ಚು."

ನೋಡುತ್ತೇನೆ. ಆಮೇಲೆ ಮೀಟರ್ ಹಚ್ಚುತ್ತೇನೆ.